ಕೊರಿಯಾದಲ್ಲಿ ಅಪ್ಪೆಮಿಡಿ: ಮಾರಾಟಕ್ಕೆ ಮೊದಲೇ ಜನ ಎದುರು ನೋಡುವಂತೆ ಮಾಡುವುದು ಹೇಗೆ?

ಪ್ರಶ್ನೆ – ಸಾಗರದ ಗೃಹಿಣಿ

ನಮಸ್ಕಾರ. ನಮ್ಮ ಸ್ವಸಹಾಯ ಸಂಘದ ಹನ್ನೊಂದು ಮಂದಿ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಸಿಯೋಲ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಒಯ್ದ ಎರಡು ಬಾಟಲಿಗಳನ್ನು ಅವನ ಕಚೇರಿಯವರು ಬಿಸಿ ಅನ್ನದ ಜೊತೆ ತಿಂದು ಮುಗಿಸಿದರಂತೆ. ಈಗ ಅಲ್ಲಿನ ಆಮದುದಾರರೊಬ್ಬರು ಮುಂದಿನ ಹಂಗಾಮಿಗೆ ಮಾರಾಟ ಆರಂಭಿಸೋಣ, ಆದರೆ ಅದಕ್ಕೆ ಮೊದಲೇ ಜನರಲ್ಲಿ ಕುತೂಹಲ ಮೂಡಬೇಕು ಎನ್ನುತ್ತಿದ್ದಾರೆ. ನನಗೆ ಅಳುಕಿದೆ. ಮೂರು ವರ್ಷದ ಹಿಂದೆ ಬೆಂಗಳೂರಿನ ಮೇಳವೊಂದಕ್ಕೆ ಜೋರಾಗಿ ಪ್ರಚಾರ ಮಾಡಿ ಮುಂಗಡ ಪಡೆದಿದ್ದೆವು. ಆ ವರ್ಷ ಹೂವು ಉದುರಿ ಮಿಡಿಯೇ ಸಿಗದೆ ಅರ್ಧದಷ್ಟು ಜನರಿಗೆ ಹಣ ಹಿಂದಿರುಗಿಸಬೇಕಾಯಿತು.

ಉತ್ತರ – ಶಿವಮೊಗ್ಗದ ಓದುಗ

ಅಕ್ಕಾ, ರಫ್ತು ಕೆಲಸದ ಮೇಲೆ ನಾಲ್ಕು ವರ್ಷ ಸಿಯೋಲ್‌ನಲ್ಲಿದ್ದೆ. ಅಲ್ಲಿನ ಜನ ಹೊಸ ವಸ್ತುವಿನ ಬಗ್ಗೆ ತಮ್ಮಂಥವರೇ ಬರೆದ ಅನುಭವವನ್ನು ನೇವರ್ ಎಂಬ ಅಲ್ಲಿನ ಹುಡುಕುತಾಣದಲ್ಲಿ ಹುಡುಕಿ ಓದಿದ ಮೇಲೆಯೇ ಕೈ ಹಾಕುತ್ತಾರೆ. ಅದಕ್ಕಾಗಿ ಕೆಲವರಿಗೆ ಮೊದಲೇ ಮಾದರಿ ಕಳುಹಿಸಿ ಬರೆಸುವ ರೂಢಿಯಿದೆ. ಆದರೆ ಉಚಿತವಾಗಿ ಪಡೆದದ್ದೆಂದು ಅವರು ಸ್ಪಷ್ಟವಾಗಿ ತಿಳಿಸಲೇಬೇಕು; ಹಣ ಪಡೆದದ್ದನ್ನು ಮುಚ್ಚಿಟ್ಟ ಯೂಟ್ಯೂಬರ್‌ಗಳ ಮೇಲೆ 2020ರಲ್ಲಿ ಜನ ಎಷ್ಟು ಸಿಟ್ಟಾದರೆಂಬುದು ಅಲ್ಲಿ ಯಾರಿಗೂ ಮರೆತಿಲ್ಲ.

ಎರಡನೆಯದು, ತಾತ್ಕಾಲಿಕ ಅಂಗಡಿ. ಹಿಂದೆ ಚಪ್ಪಲಿ ಕಾರ್ಖಾನೆ, ಗೋದಾಮುಗಳಿದ್ದ ಸೊಂಗ್ಸು ಬಡಾವಣೆಯಲ್ಲಿ ಈಗ ಕೆಲವೇ ದಿನ ತೆರೆದು ಮುಚ್ಚುವ ಮಳಿಗೆಗಳು ತುಂಬಿವೆ. ಅಲ್ಲೊಂದು ಸಣ್ಣ ಮೂಲೆ ಸಿಕ್ಕರೂ ಸಾಕು. ಭರಣಿಯ ಬಾಯಿಬಟ್ಟೆ ಬಿಚ್ಚಿ, ಸೊನೆಯ ಆ ಜೀರಿಗೆ ಪರಿಮಳವನ್ನು ಅವರ ಮೂಗಿಗೆ ತಲುಪಿಸಿ. ಯಾವ ಚಿತ್ರವೂ ಆ ಕೆಲಸ ಮಾಡಲಾರದು.

ಇನ್ನೊಂದು ಮಾತು. 2022ರಲ್ಲಿ ಅಲ್ಲಿ ಮತ್ತೆ ಬಂದ ಪೋಕೆಮಾನ್ ಬ್ರೆಡ್ಡಿಗೆ ಜನ ಸಾಲುಗಟ್ಟಿದ್ದು ಬಹುಪಾಲು ಪೊಟ್ಟಣದೊಳಗಿದ್ದ ಕಾರ್ಟೂನ್ ಸ್ಟಿಕ್ಕರಿಗಾಗಿ. ಒಟ್ಟು 159 ಬಗೆ, ಯಾವುದು ಸಿಗುತ್ತದೆಂದು ಮೊದಲೇ ತಿಳಿಯದು. ನಮ್ಮಲ್ಲಿ ಒಂದೊಂದು ಮರದ ಮಿಡಿಗೂ ಒಂದೊಂದು ವಾಸನೆ, ಊರಿನದೋ ಮನೆತನದ್ದೋ ಹೆಸರು. ಬಾಟಲಿಯ ಮೇಲೆ ಆ ಮರದ ಹೆಸರನ್ನೇ ಬರೆಯಿರಿ. ಒಂದನ್ನು ಸವಿದವರು ಇನ್ನೊಂದನ್ನು ಕೇಳದೆ ಇರುವುದಿಲ್ಲ.

ಉತ್ತರ – ತೀರ್ಥಹಳ್ಳಿಯಿಂದ

ಶಿವಮೊಗ್ಗದವರು ಹೇಳಿದ್ದು ಸರಿ, ಆದರೆ ಅಬ್ಬರವನ್ನು ನೆಚ್ಚಿಕೊಂಡು ಕೈ ಸುಟ್ಟುಕೊಂಡವರೂ ಅಲ್ಲಿದ್ದಾರೆ. 2011ರಲ್ಲಿ ಕ್ಕೊಕ್ಕೊಮ್ಯೊನ್ ಎಂಬ ಬಿಳಿ ಸಾರಿನ ನೂಡಲ್ಸ್ ಅಂಗಡಿಗೆ ಬಂದ ತಕ್ಷಣ ಖಾಲಿಯಾಗುತ್ತಿತ್ತು. ಕಂಪನಿ ಉತ್ಪಾದನೆ ಹೆಚ್ಚಿಸುವ ಹೊತ್ತಿಗೆ ಜನರ ಹಂಬಲವೇ ಇಳಿದಿತ್ತು. ಆದ್ದರಿಂದ ಅಕ್ಕಾ, ಬೇಡಿಕೆ ಬಂತೆಂದು ಭರಣಿಗಳ ಸಂಖ್ಯೆ ಹೆಚ್ಚಿಸಬೇಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ದು ಉಪ್ಪಿಗೆ ಹಾಕಿದ ಮಿಡಿಯನ್ನು ಎಣಿಸಿ, ಆಮೇಲಷ್ಟೇ ‘ಈ ವರ್ಷ ಇಷ್ಟೇ ಬಾಟಲಿ’ ಎಂದು ಪ್ರಕಟಿಸಿ. ಬೆಂಗಳೂರಿನಲ್ಲಿ ನಿಮಗಾದ ತೊಂದರೆ ಮಿಡಿ ಕಾಣುವ ಮೊದಲೇ ಮಾತು ಕೊಟ್ಟದ್ದರಿಂದ ಆದದ್ದು. ಅಲ್ಲಿ ವಾಡಿಜ಼್‌ನಂಥ ತಾಣಗಳಲ್ಲಿ ಮೊದಲು ಹಣ ಕೊಟ್ಟು ಸರಕಿಗೆ ತಿಂಗಳುಗಟ್ಟಲೆ ಕಾಯುವುದು ಜನರಿಗೆ ರೂಢಿಯಾಗಿದೆ; ಆಮದುದಾರರ ಮೂಲಕ ಅದನ್ನು ಬಳಸಿ, ಕಾಯುವ ಅವಧಿಯಲ್ಲಿ ಮಿಡಿ ಸುಕ್ಕುಗಟ್ಟುವ, ಖಾರ ಅರೆಯುವ ಚಿತ್ರಗಳನ್ನು ವಾರವಾರ ಕಳುಹಿಸಿ. ಮನೆಮಂದಿಯೆಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕುವ ಕಿಮ್‌ಜಾಂಗ್ ಅವರಿಗಿದೆ, 2013ರಲ್ಲಿ ಯುನೆಸ್ಕೊ ಪಟ್ಟಿಯನ್ನೂ ಸೇರಿದೆ. ನಿಮ್ಮ ಅಂಗಳದ ಕೆಲಸವನ್ನು ಅವರಿಗೆ ಬಿಡಿಸಿ ಹೇಳಬೇಕಾದ ಅಗತ್ಯವೇ ಬೀಳದು.

ಇದೆಲ್ಲಕ್ಕೂ ಮೊದಲು ಪ್ರಯೋಗಾಲಯದ ವರದಿ ಕೈಗೆ ಬರಲಿ. 2019ರ ಜನವರಿ 1ರಿಂದ ಅಲ್ಲಿ ಮಿತಿ ನಿಗದಿಯಾಗದ ಕೀಟನಾಶಕದ ಉಳಿಕೆ ಕಿಲೋಗೆ 0.01 ಮಿಲಿಗ್ರಾಂ ಮೀರುವಂತಿಲ್ಲ. ಹೊಳೆದಂಡೆಯ ಮಿಡಿಗೆ ಯಾರೂ ಔಷಧಿ ಹೊಡೆಯುವುದಿಲ್ಲ, ನಿಜ. ಪೇಟೆಯಿಂದ ತರುವ ಒಣಮೆಣಸು, ಸಾಸಿವೆಗಳದ್ದೇ ನನಗೆ ಚಿಂತೆ.

ಮರುಉತ್ತರ – ಸಾಗರದ ಗೃಹಿಣಿ

ಇಬ್ಬರಿಗೂ ಧನ್ಯವಾದಗಳು. ಮೆಣಸು, ಸಾಸಿವೆಯ ಮಾದರಿಗಳನ್ನು ಈ ವಾರವೇ ಪರೀಕ್ಷೆಗೆ ಕಳುಹಿಸುತ್ತೇವೆ. ನಾವು ಮಿಡಿ ಕೊಯ್ಯುವುದು ಒಂಬತ್ತು ಮರಗಳಿಂದ, ಅವುಗಳಲ್ಲಿ ಎರಡಕ್ಕೆ ಹೆಸರಿಲ್ಲ; ಅತ್ತೆಯವರನ್ನು ಕೇಳಿ ಬರೆದಿಡುತ್ತೇನೆ.