ಅಪ್ಪ ಡ್ವಾರ್ಫ್, ಅಮ್ಮ ಎಲ್ಫ್: 2024ರ ನಿಯಮದಲ್ಲಿ ಪಾತ್ರ ಕಟ್ಟೋದು ಹೇಗೆ?

ಗುಹೆಕಾವಲು:
ಜಯನಗರದಲ್ಲಿ ಭಾನುವಾರದ ಆಟ, ಐದು ಜನ ಆಟಗಾರರು. ಡಂಜನ್ಸ್ ಅಂಡ್ ಡ್ರಾಗನ್ಸ್ (ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡೋ ಆಟ), ಅದರ 2024ರ ನಿಯಮ, ಒಂದನೇ ಲೆವೆಲ್‌ನಿಂದ ಶುರು. ಒಬ್ಬರಿಗೆ ಡ್ವಾರ್ಫ್ (ಗಿಡ್ಡ, ಗಟ್ಟಿಮುಟ್ಟಾದ ಕುಲ) ಅಪ್ಪ, ಎಲ್ಫ್ (ಚೂಪು ಕಿವಿಯ ಮಾಯಾ ಕುಲ) ಅಮ್ಮನ ಮಗಳ ಪಾತ್ರ ಬೇಕಂತೆ. ಇನ್ನೊಬ್ಬರು 2014ರ ನಿಯಮದ ಹಾಫ್-ಎಲ್ಫ್‌ನ್ನೇ (ಅರ್ಧ ಎಲ್ಫ್, ಅರ್ಧ ಮನುಷ್ಯ) ತರ್ತೀನಿ ಅಂತಾರೆ. ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಅದಿಲ್ಲ. ಇಬ್ಬರಿಗೂ ಹ್ಞೂಂ ಅಂದರೆ ಉಳಿದ ಮೂವರಿಗೆ ಅನ್ಯಾಯ ಆಗಬಾರದು. ಡಿಎಂ (ಆಟ ನಡೆಸೋರು) ಆಗಿ ಏನು ಮಾಡಲಿ?

ಇಪ್ಪತ್ತುಮುಖ:
ಹಾಫ್-ಎಲ್ಫ್ ಸುಲಭ. ಹಳೇ ಪುಟದ ಕರಿಸ್ಮಾ (ವರ್ಚಸ್ಸು) +2, ಇನ್ನೆರಡು ಸಾಮರ್ಥ್ಯಕ್ಕೆ +1, ಇವನ್ನು ಹೊಡೆದುಹಾಕಿ. ಈಗ ಆ ಏರಿಕೆ ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿಂದಿನ ಬದುಕು) ಬರುತ್ತೆ. ಎರಡೂ ಕಡೆಯಿಂದ ತಗೊಳ್ಳೋದೇ ಎಲ್ಲರೂ ಮಾಡೋ ತಪ್ಪು. ಉಳಿಯೋದು 60 ಅಡಿ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣೋ ಶಕ್ತಿ), ಫೇ ಆನ್ಸೆಸ್ಟ್ರಿ (ಮೋಡಿಗೆ ಸುಲಭವಾಗಿ ಸಿಲುಕದ ಗುಣ), ಎರಡು ಸ್ಕಿಲ್. ಹೊಸ ಎಲ್ಫ್ ಪಕ್ಕ ಇಟ್ಟು ನೋಡಿ, ಏನೂ ಹೆಚ್ಚಲ್ಲ.

ಮಗಳ ಪಾತ್ರಕ್ಕೆ ಸ್ವಲ್ಪ ಯೋಚಿಸಬೇಕು. 2022ರ ಪರೀಕ್ಷಾ ಕರಡಿನಲ್ಲಿ ಒಂದು ದಾರಿ ಇತ್ತು: ಒಬ್ಬರ ಗುಣಗಳನ್ನೆಲ್ಲ ತಗೊಳ್ಳಿ, ರೂಪ ಮಾತ್ರ ಬೆರೆಸಿ. ನನಗದು ಸಾಲದು. ಅಮ್ಮನ ಕಡೆಯದು ಒಂದಾದರೂ ಆಟದಲ್ಲಿ ಕಾಣಬೇಕು. ಹಾಗಾಗಿ ಡ್ವಾರ್ಫ್ ಬುನಾದಿ ಇಟ್ಕೊಂಡು, ಗಾತ್ರ, ವೇಗ, ಡಾರ್ಕ್‌ವಿಷನ್ ಅದರದ್ದೇ ಇರಲಿ. 120 ಅಡಿಗೆ ಎಲ್ಫ್‌ನ 60 ಸೇರಿ 180 ಆಗೋದಿಲ್ಲ! ಆಮೇಲೆ ಒಂದಕ್ಕೊಂದು ಅದಲುಬದಲು: ಡ್ವಾರ್ಫ್‌ನ ಸ್ಟೋನ್‌ಕನಿಂಗ್ (ಕಲ್ಲಿನ ಮೂಲಕ ಕಂಪನ ಗ್ರಹಿಸೋ ಶಕ್ತಿ) ಬಿಟ್ಟು ಫೇ ಆನ್ಸೆಸ್ಟ್ರಿ. ತೂಕ ಹೆಚ್ಚುಕಮ್ಮಿ ಸರಿಹೋಗುತ್ತೆ.

ಎಲ್ವೆನ್ ಲೀನಿಯೇಜ್ (ಎಲ್ಫ್‌ನ ಉಪಕುಲ ಕೊಡೋ ಗುಣಗಳು) ಕೇಳಿದರೆ ಹುಷಾರು. ಒಂದನೇ ಲೆವೆಲ್‌ನಲ್ಲಿ ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಬಳಸೋ ಸಣ್ಣ ಮಂತ್ರ), 3 ಮತ್ತು 5ರಲ್ಲಿ ಒಂದೊಂದು ಮಂತ್ರ ಅದರೊಳಗಿದೆ. ಸ್ಟೋನ್‌ಕನಿಂಗ್ ಜೊತೆ ಡ್ವಾರ್ವೆನ್ ಟಫ್‌ನೆಸ್ಸೂ (ಹೆಚ್ಚುವರಿ ಹಿಟ್ ಪಾಯಿಂಟ್, ಅಂದರೆ ಜೀವಬಲ) ಬಿಟ್ಟುಕೊಡಲಿ. ಅಂಥ ಒಂದು ಲೀನಿಯೇಜ್ ಆದ ವುಡ್ ಎಲ್ಫ್‌ನ 35 ಅಡಿ ವೇಗ ಮಾತ್ರ ಕಿತ್ತುಕೊಡಬೇಡಿ, ತಗೊಂಡರೆ ಇಡೀ ಲೀನಿಯೇಜ್.

ಹಾಳೆಪೆನ್ಸಿಲ್:
ಪಾತ್‌ಫೈಂಡರ್ ಅನ್ನೋ ಇಂಥದ್ದೇ ಇನ್ನೊಂದು ಆಟದ ಎರಡನೇ ಆವೃತ್ತಿಯಲ್ಲಿ ಈ ತೂಗಾಟವೇ ಬೇಡ. ಆನ್ಸೆಸ್ಟ್ರಿ (ಕುಲ) ಒಂದು, ಅದರ ಮೇಲೆ ಹೆರಿಟೇಜ್ (ವಂಶದ ಕವಲು) ಒಂದು. ಜಿಎಂ (ಅಲ್ಲಿನ ಡಿಎಂ) ಒಪ್ಪಿದರೆ ಡ್ವಾರ್ಫ್ ಮೇಲೆ ಐಯುವಾರಿನ್ ಕೂರಿಸಿ (2023ರ ತಿದ್ದುಪಡಿಗೆ ಮುಂಚೆ ಇದರ ಹೆಸರು ಹಾಫ್-ಎಲ್ಫ್). ಹಿಟ್ ಪಾಯಿಂಟ್ ಡ್ವಾರ್ಫ್‌ನ 10, ಎಲ್ಫ್‌ನ 6 ಅಲ್ಲ. 1, 5, 9, 13, 17ನೇ ಲೆವೆಲ್‌ಗಳಲ್ಲಿ ಸಿಗೋ ಆನ್ಸೆಸ್ಟ್ರಿ ಫೀಟ್‌ನ್ನು (ಕುಲದ ವಿಶೇಷ ಸಾಮರ್ಥ್ಯ) ಯಾವ ಕಡೆಯಿಂದಾದರೂ ಆರಿಸಬಹುದು. ನಷ್ಟವೂ ಇದೆ: ಡ್ವಾರ್ಫ್‌ನ ಸ್ವಂತ ಹೆರಿಟೇಜ್ ಕೈತಪ್ಪುತ್ತೆ, ಡಾರ್ಕ್‌ವಿಷನ್ ಮೊದಲೇ ಇರೋದರಿಂದ ಐಯುವಾರಿನ್ ಕೊಡೋ ಲೋ-ಲೈಟ್ ವಿಷನ್ (ಮಂದ ಬೆಳಕಲ್ಲಿ ಕಾಣೋ ಶಕ್ತಿ) ದಂಡ.

ಅಲ್ಲಿ ನಿಜವಾದ ತಲೆನೋವು ಧಾಂಪಿರ್ (ರಕ್ತಪಿಶಾಚಿಯ ವಂಶದ ಹೆರಿಟೇಜ್). ಹೀಲ್ ಮಂತ್ರವಾಗಲಿ ಹೀಲಿಂಗ್ ಪೋಷನ್ ಆಗಲಿ ಅವರ ಗಾಯ ವಾಸಿ ಮಾಡೋದಿಲ್ಲ. ಟ್ರೀಟ್ ವೂಂಡ್ಸ್ (ಗಾಯದ ಆರೈಕೆ), ಎಲಿಕ್ಸಿರ್ ಆಫ್ ಲೈಫ್ ಅನ್ನೋ ಔಷಧಿ, ಸೂದ್ ಮಂತ್ರ ಕೆಲಸ ಮಾಡ್ತವೆ. ಕ್ಲೆರಿಕ್ (ಗಾಯ ವಾಸಿ ಮಾಡೋ ಪುರೋಹಿತ ಪಾತ್ರ) ಆಡೋರಿಗೆ ಮೊದಲ ದಿನವೇ ಹೇಳಿಬಿಡಿ.

ಕಟ್ಟೆಮಾತು:
ಪಾತ್ರದ ಹಾಳೆಯಲ್ಲಿ ದಯವಿಟ್ಟು 'ಬೆರಕೆ' ಅಂತ ಬರೀಬೇಡಿ. ಕನ್ನಡದಲ್ಲಿ ಅದು ಬೈಗುಳದ ಹಾಗೆ ಕೇಳುತ್ತೆ. 'ಡ್ವಾರ್ಫ್, ತಾಯಿ ಎಲ್ಫ್' ಅಂದರೆ ಸಾಕು. ಪ್ರತಿ ಗುಣದ ಮುಂದೆ ಅದು ಯಾವ ಪುಸ್ತಕದ್ದು, ಯಾವುದನ್ನು ಬಿಟ್ಟು ಬಂದದ್ದು ಅಂತಲೂ ಬರೆಸಿ. ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರೋದಿಲ್ಲ.

ಗುಹೆಕಾವಲು:
ತುಂಬಾ ಉಪಕಾರ. ಫೇ ಆನ್ಸೆಸ್ಟ್ರಿ ಬದಲು ಟ್ರಾನ್ಸ್ (ನಿದ್ದೆಯ ಬದಲು ಎಲ್ಫ್‌ಗಳು ಮಾಡೋ ಧ್ಯಾನ) ಕೇಳಿದರೆ?

ಇಪ್ಪತ್ತುಮುಖ:
ಅದೇ ಸ್ಟೋನ್‌ಕನಿಂಗ್ ಜಾಗಕ್ಕೆ ಕೊಡಿ. ಅವರ ಲಾಂಗ್ ರೆಸ್ಟ್ (ಪೂರ್ತಿ ವಿಶ್ರಾಂತಿ) 4 ಗಂಟೆಗೆ ಮುಗಿದರೂ ಮಿಕ್ಕವರಿಗೆ 8 ಬೇಕೇ ಬೇಕು. ರಾತ್ರಿ ಕಾವಲು ಮಾತ್ರ ಅವರ ಪಾಲಿಗೇ ಬೀಳುತ್ತೆ.