ರೈಜನ್ 5600 ಓವರ್‌ಕ್ಲಾಕ್ ಮಾಡ್ಲಾ ಬ್ಯಾಡಾ?

ಬಿಸಿಲೂರ_ಪಿಸಿ:
ಅಣ್ಣಾರ ನಮಸ್ಕಾರ್ರಿ. ಪ್ರೊಸೆಸರ್ ಎಎಂಡಿ ರೈಜನ್ 5 5600, ಬಿ450 ಮದರ್‌ಬೋರ್ಡ್, 3200ರ 16 ಜಿಬಿ ರ‍್ಯಾಮ್ ಅದ, ಕೂಲರ್ ಡಬ್ಬಿ ಜೋಡಿ ಬಂದಿದ್ದೇ. ಯೂಟ್ಯೂಬ್‌ನಾಗ ಓವರ್‌ಕ್ಲಾಕ್ ಅಂತ, ಅಂದ್ರ ಕಂಪನಿ ಇಟ್ಟ ಸ್ಪೀಡಿಗಿಂತ ಜಾಸ್ತಿ ಮಾಡಿ, ಎಲ್ಲಾ ಕೋರ್ 4.6 ಗಿಗಾಹರ್ಟ್ಸ್‌ಕ್ಕ ಏರಿಸಿ ತೋರಸ್ತಾರ, ನನಗೂ ಆಸೆ ಆಗ್ಯಾದ, ಗೇಮ್ ಜೋಡಿ ವಿಡಿಯೋ ಎಡಿಟಿಂಗೂ ಮಾಡ್ತೀನಿ. ಆದ್ರ ಕಲಬುರಗಿಯಾಗ ಮೇ ತಿಂಗಳ 42 ಡಿಗ್ರಿ ಅಂದ್ರ ಮಾಮೂಲಿ, ರೂಮಿನಾಗ ಎಸಿ ಇಲ್ಲ. ಸುಟ್ಟು ಹೋಗ್ತದೇನು? ವಾರಂಟಿ?

ಬಯಾಸ್_ಭಟ್ಟ:
ಸುಡಲ್ಲ ಗುರು, 90 ಡಿಗ್ರಿ ಮುಟ್ಟಿದ್ರೆ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ. ತೊಂದ್ರೆನೂ ಅದೇ, ಆ ಪುಟ್ಟ ಕೂಲರ್ ಇಟ್ಕೊಂಡು ಆ ಸೆಖೆಲಿ ನೀವು ಏರಿಸ್ತಿರಿ ಅದು ಇಳಿಸ್ತಿರುತ್ತೆ, ಮಿಕ್ಕೋದು ಫ್ಯಾನ್ ಸೌಂಡು ಕರೆಂಟ್ ಬಿಲ್ಲು. ವೋಲ್ಟೇಜ್ ಏರಿಸಿದ್ರೆ ಬಿಸಿ ಅದರ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತೆ, 1.2 ವೋಲ್ಟ್ ಇದ್ದಿದ್ದು 1.32 ಮಾಡಿದ್ರೆ ಅದೊಂದಕ್ಕೇ ಸುಮಾರು 21% ಜಾಸ್ತಿ. ಸಿಗೋದೇನು? 5600 ತಾನಾಗೇ 4.4ವರೆಗೂ ಹೋಗುತ್ತೆ, 4.6 ಅಂದ್ರೆ ಲೆಕ್ಕದಲ್ಲೇ 5% ಆಗಲ್ಲ. ಮೊದ್ಲು ಟಾಸ್ಕ್ ಮ್ಯಾನೇಜರಲ್ಲಿ ರ‍್ಯಾಮ್ ಸ್ಪೀಡ್ ನೋಡಿ, 2133 ಇಲ್ಲಾ 2400 ತೋರಿಸಿದ್ರೆ ಬಯಾಸಲ್ಲಿ (ಪಿಸಿ ಆನ್ ಆಗುವಾಗ ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗು) ಎಕ್ಸ್‌ಎಂಪಿ, ಅಂದ್ರೆ ರ‍್ಯಾಮನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಆಯ್ಕೆ, ಆನ್ ಮಾಡಿ. ಎಷ್ಟೋ ಜನ 3200ಕ್ಕೆ ದುಡ್ಡು ಕೊಟ್ಟು 2400ರಲ್ಲೇ ಓಡಿಸ್ತಿರ್ತಾರೆ!

ಎಸ್‌ಪಿ_ರೋಡ್_ಹಳಬ:
ಓವರ್‌ಕ್ಲಾಕ್‌ಗೆ ಬೆಲೆ ಇದ್ದಿದ್ದು ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರ್ ಕಾಲಕ್ಕೆ. 1998ರಲ್ಲಿ ಬಂತು, ಬಸ್ (ಚಿಪ್ಪಿಗೂ ಬೋರ್ಡಿಗೂ ನಡುವಿನ ದಾರಿ) ಸ್ಪೀಡು 66ರಿಂದ 100ಕ್ಕೆ ಇಟ್ರೆ 300 ಮೆಗಾಹರ್ಟ್ಸ್ ಚಿಪ್ಪು 450ಕ್ಕೆ ಓಡೋದು, ಅಗ್ಗದ ಚಿಪ್ಪಲ್ಲಿ ದುಬಾರಿ ಪೆಂಟಿಯಂ ಸ್ಪೀಡು. ಈಗ ಕಂಪನಿಯೋರೇ ಪೂರ್ತಿ ಹಿಂಡಿ ಕಳಿಸ್ತಾರೆ, ನಮಗೇನೂ ಉಳಿಸಿರಲ್ಲ.

ಬಿಸಿಲೂರ_ಪಿಸಿ:
ನೋಡ್ದೆ ಅಣ್ಣಾ, ಖರೇನೇ 2400 ಇತ್ತು 😅 ಈಗ 3200 ಮಾಡೀನಿ. 3600ಕ್ಕ ಹಾಕ್ಲೇನು?

ಬಯಾಸ್_ಭಟ್ಟ:
3200 ಎಎಂಡಿನೇ ಈ ಪ್ರೊಸೆಸರಿಗೆ ಹೇಳಿರೋ ಸ್ಪೀಡು, ಅಲ್ಲಿವರೆಗೆ ಭಯ ಇಲ್ಲ. ಅದರಾಚೆ ಹೋಗೋದಾದ್ರೆ ಹುಷಾರು, ಯಾಕಂದ್ರೆ ಪ್ರೊಸೆಸರ್ ತಾಳದಿದ್ರೆ ಸಾಮಾನ್ಯವಾಗಿ ಪಿಸಿ ಹ್ಯಾಂಗ್ ಆಗಿ ಗೊತ್ತಾಗುತ್ತೆ, ರ‍್ಯಾಮ್ ತಾಳದಿದ್ರೆ ಸುಮ್ನೆ ಒಂದೊಂದು ಬಿಟ್ ತಪ್ಪು ಬರೀತಾ ಹೋಗುತ್ತೆ, ನಿಮ್ಮ ಎಡಿಟಿಂಗ್ ಪ್ರಾಜೆಕ್ಟ್ ಫೈಲು ಹಾಳಾದ ಮೇಲೇ ತಿಳಿಯೋದು. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಎರರ್ ಬಂದ್ರೂ ವಾಪಸ್ 3200. ಓವರ್‌ಕ್ಲಾಕಿಂದ ಹಾಳಾದ್ರೆ ವಾರಂಟಿ ಇಲ್ಲ. ಕೈ ಸುಮ್ನಿರಲ್ಲ ಅಂದ್ರೆ ಬಯಾಸಿನ ಕರ್ವ್ ಆಪ್ಟಿಮೈಜರಲ್ಲಿ (ಪ್ರೊಸೆಸರ್ ವೋಲ್ಟೇಜ್ ಹೊಂದಿಸೋ ಆಯ್ಕೆ) ಮೈನಸ್ 10 ಇಟ್ಟು ನೋಡಿ, ವೋಲ್ಟೇಜ್ ಇಳಿಯುತ್ತೆ, ಕಲಬುರಗಿಗೆ ಅದೇ ಸರಿ.