ಬಿಂಬುಳಿ ಜ್ಯೂಸಿನ ವಿಷಯ

ಸುಮಾ, ನಿನ್ನ ಮೆಸೇಜ್ ಈಗಷ್ಟೇ ನೋಡಿದ್ದು ಮಗಳೇ. ಕೊಲೆಸ್ಟ್ರಾಲಿಗೆ ಒಳ್ಳೇದು ಅಂತ ಅಕ್ಕ ನಾಲ್ಕು ದಿನದಿಂದ ಬರಿಹೊಟ್ಟೆಗೆ ಒಂದು ಗ್ಲಾಸ್ ಬಿಂಬುಳಿ (ಆ ಹಸಿರು ಹುಳಿಕಾಯಿ) ಜ್ಯೂಸ್ ಕುಡಿಯುವುದು, ನಿನ್ನೆಯಿಂದ ಓಕರಿಕೆ, ಆಂಟಿಆಕ್ಸಿಡೆಂಟ್ ಅಲ್ವಾ, ಮುಂದುವರಿಸಬಹುದಾ ಅಂತ ಕೇಳಿದ್ದೀ. ಬೇಡ. ಇವತ್ತೇ ನಿಲ್ಲಿಸು.

ಪೆರ್ಲದ ಭಾವನಿಗೆ ಆದದ್ದು ಎಲ್ಲರಿಗೂ ಗೊತ್ತುಂಟಲ್ಲ. ಅವರೂ ಹೀಗೆಯೇ, ಇಪ್ಪತ್ತು ಕಾಯಿ ಮಿಕ್ಸಿಗೆ ಹಾಕಿ, ನೀರೂ ಸೇರಿಸದೆ ಹಿಂಡಿ ಕುಡಿದದ್ದು. ಐದನೇ ದಿನ ವಾಂತಿ, ಬಿಕ್ಕಳಿಕೆ, ಮೂತ್ರವೇ ಕಮ್ಮಿ. ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಶ್ಮಲ ಕ್ರಿಯಾಟಿನಿನ್, ಅದು ಏರಿ ಏಳು! ಮೂರು ವಾರ ಡಯಾಲಿಸಿಸ್ ಆಯ್ತು. ಆಸ್ಪತ್ರೆಯಲ್ಲಿ ಯಾವ ಮಾತ್ರೆ ಅಂತ ಕೇಳಿದರು, ಮನೆಯಲ್ಲಿ ಎಂತ ಕುಡಿದಿರಿ ಅಂತ ಎರಡು ದಿನ ಯಾರೂ ಕೇಳಲಿಲ್ಲ.

ಆಂಟಿಆಕ್ಸಿಡೆಂಟ್ ಉಂಟು, ಅದು ಸುಳ್ಳಲ್ಲ. ಆದರೆ ಆ ಹುಳಿಯಲ್ಲಿ ಆಕ್ಸಲಿಕ್ ಆಮ್ಲ ರಾಶಿ. ನೀರಲ್ಲಿ ಕರಗುವಂಥದ್ದು, ಸೋಸಿದರೆ ಹೋಗುವುದಿಲ್ಲ. ಕಿಡ್ನಿಯ ಸಣ್ಣ ನಾಳಗಳಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುತ್ತದೆ. ಕೇರಳದ ಐದು ಆಸ್ಪತ್ರೆಗಳಲ್ಲಿ ಹೀಗೆ ಕಿಡ್ನಿ ಕೆಟ್ಟ ಹತ್ತು ಜನರ ಬಗ್ಗೆ 2013ರಲ್ಲೇ ವೈದ್ಯರು ಬರೆದಿದ್ದಾರೆ, ಏಳು ಜನಕ್ಕೆ ಡಯಾಲಿಸಿಸ್ ಬೇಕಾಯ್ತು. ಸಾರಿಗೆ ಎರಡು ಮೂರು ಕಾಯಿ ಹಾಕಿ ನಾಲ್ಕು ಜನ ಉಂಡರೆ ಅದು ಬೇರೆ ಲೆಕ್ಕ. ಜ್ಯೂಸ್ ಬೇಡ, ದಾರೆಹುಳಿಯದ್ದೂ (ಸ್ಟಾರ್ ಫ್ರೂಟ್) ಬೇಡ. ಅಕ್ಕನಿಗೆ ಶುಗರ್ ಬೇರೆ ಉಂಟು, ಬೇಡವೇ ಬೇಡ.

ಆಂಟಿಆಕ್ಸಿಡೆಂಟೇ ಬೇಕಿದ್ದರೆ ಹಿತ್ತಲಲ್ಲಿ ಅಷ್ಟು ದೊಡ್ಡ ನೆಲ್ಲಿಮರ ಇತ್ತು. ರಬ್ಬರ್ ಹಾಕಲಿಕ್ಕೆ ಕಡಿಯುವಾಗ ಬೇಡ ಅಂದೆ, ಕೇಳಿದ್ದು ಯಾರು? ಈಗ ಬದಿಯಡ್ಕ ಪೇಟೆಯಿಂದ ದುಡ್ಡು ಕೊಟ್ಟು ತರಬೇಕು. ಪುನರ್ಪುಳಿ (ಕೋಕಂ) ಬೇಲಿಯ ಬದಿಯಲ್ಲಿ ಉದುರಿ ಕೊಳೆಯುತ್ತದೆ, ಹೆಕ್ಕುವವರಿಲ್ಲ. ಐದಾರು ಒಣಸಿಪ್ಪೆ ಅರ್ಧ ಗಂಟೆ ನೆನೆಸಿದರೆ ಎರಡು ಗ್ಲಾಸಿಗೆ ಸಾಕು, ಆ ಕೆಂಪು ಬಣ್ಣವೇ ಆಂಟಿಆಕ್ಸಿಡೆಂಟ್. ಇದ್ದದ್ದನ್ನು ಬಿಟ್ಟು ಫಾರ್ವರ್ಡ್ ಬಂದದ್ದನ್ನು ಕುಡಿಯುವುದು.

ಅಯ್ಯೋ, ಮುಖ್ಯದ್ದೇ ಬಿಟ್ಟೆ. ಓಕರಿಕೆ ಉಂಟಲ್ಲ, ನಾಳೆಗೆ ಇಡಬೇಡ, ಈಗಲೇ ಡಾಕ್ಟರ ಹತ್ತಿರ ಕರಕೊಂಡು ಹೋಗು. ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸು. ಎಷ್ಟು ಕಾಯಿ, ಎಷ್ಟು ದಿನ, ಬರಿಹೊಟ್ಟೆಗೆ, ಎಲ್ಲ ನೀನೇ ಹೇಳು, ಅವರು ಕೇಳಲಿಕ್ಕೆ ಕಾಯಬೇಡ. ಸೊಂಟನೋವಿನ ಮಾತ್ರೆ ಕೊಡಬೇಡ, ಅದೂ ಕಿಡ್ನಿಗೇ ಹೊಡೆಯುವುದು. ಮೂತ್ರ ಕಮ್ಮಿಯಾಗಿದ್ದರೆ ಸುಮ್ಮನೆ ಚೆಂಬುಗಟ್ಟಲೆ ನೀರೂ ಕುಡಿಸಬೇಡ. ನೆಲ್ಲಿಕಾಯಿಯೂ ರಿಪೋರ್ಟ್ ಬಂದ ಮೇಲೆಯೇ, ವಿಟಮಿನ್ ಸಿ ಅತಿಯಾದರೆ ಮೈಯೊಳಗೆ ಅದೂ ಆಕ್ಸಲೇಟ್, ಅಂದರೆ ಆ ಆಕ್ಸಲಿಕ್ ಆಮ್ಲದ್ದೇ ರೂಪ, ಆಗುತ್ತದೆ. ರಿಪೋರ್ಟಿನ ಫೋಟೋ ಇಲ್ಲಿಗೆ ಹಾಕು.